ಬೆಳಗಿನ ಲೋಟ

ಗೋವರ್ಧನ ಬೆಳಿಗ್ಗೆ ಸ್ಟೀಲ್ ಲೋಟ ಹಿಡಿದು ಬಚ್ಚಲಿನಿಂದ ಹೊರಬಂದರೆ ವಾರಿಜಾ ಮೂಗಿಗೆ ಸೆರಗು ಹಿಡಿಯುತ್ತಿದ್ದಳು. ಯಾವುದೋ ಶಿಬಿರಕ್ಕೆ ಹೋಗಿ ಬಂದಾಗಿನಿಂದ ಅವನು ತನ್ನ ಮೂತ್ರವನ್ನೇ ಔಷಧಿಯೆಂದು ಕುಡಿಯುತ್ತಿದ್ದ. ಅವಳು ಅವನ ಲೋಟವನ್ನು ಬೇರೆ ಇಟ್ಟಳು, ಹಾಸಿಗೆಯನ್ನೂ ಬೇರೆ ಮಾಡಿದಳು. ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಕಲಿಸುವವಳಿಗೆ ಇಂಥ ಗಂಡ!

“ರೀ, ಕಿಡ್ನಿ ಏನು ಮಾಡುತ್ತೆ ಅಂತ ನಮ್ಮ ಸ್ಕೂಲಿನ ಮಕ್ಕಳನ್ನ ಕೇಳಿ. ರಕ್ತ ಸೋಸಿ, ಬೇಕಾದ್ದನ್ನೆಲ್ಲ ವಾಪಸ್ ತಗೊಂಡು, ಬೇಡದ್ದನ್ನ ಮಾತ್ರ ಆಚೆ ಹಾಕುತ್ತೆ. ಅದು ಬಿಸಾಕಿದ್ದನ್ನ ಮತ್ತೆ ಬಾಯಿಗೆ ಹಾಕ್ಕೋತೀರಲ್ಲ, ಥೂ!”

“ಬೈಕೋ. ಆದ್ರೆ ನನ್ನ ಹೊಟ್ಟೆ ಹೇಗೆ ಕರಗಿದೆ ನೋಡು! ನನ್ನ ಕಿಡ್ನಿ ಈಗ ಎಷ್ಟು ಚುರುಕಾಗಿದೆ ಅಂದ್ರೆ, ಗಂಟೆಗೊಂದು ಸಲ ಹೋಗ್ತೀನಿ. ಎಷ್ಟು ನೀರು ಕುಡಿದ್ರೂ ಸಾಲದು.”

“ಅದನ್ನ ಹಿಡ್ಕೊಂಡು ನನ್ನ ಮುಂದೆ ನಿಲ್ಲಬೇಡಿ. ವಾಂತಿ ಬರುತ್ತೆ.”

“ಮೊದಮೊದಲು ನಂಗೂ ಬರ್ತಿತ್ತು ಕಣೇ. ಬರೀ ಉಪ್ಪು, ಗಬ್ಬು ವಾಸನೆ. ದೇಹ ಶುದ್ಧ ಆದಮೇಲೆ ರುಚಿ ಬದಲಾಗುತ್ತೆ ಅಂತ ಗುರುಗಳು ಹೇಳಿದ್ದು ಸುಳ್ಳಲ್ಲ. ಈಗೀಗ ಎಳನೀರಿನ ಹಾಗಿರುತ್ತೆ.”

ಮೂಗಿಗೆ ಹಿಡಿದಿದ್ದ ಸೆರಗು ವಾರಿಜಾಳ ಕೈಯಿಂದ ಜಾರಿತು. ಎಷ್ಟೋ ದಿನಗಳ ಮೇಲೆ ಅವಳು ಗಂಡನ ಮುಖವನ್ನು ಸರಿಯಾಗಿ ನೋಡಿದಳು. ಕೆನ್ನೆಗಳು ಒಳಗೆ ಹೋಗಿದ್ದವು.

“ಸಿಹೀನಾ?”

“ಜೇನಿನ ಹಾಗೆ!”

ಅವಳು ಲೋಟವನ್ನು ಅವನ ಕೈಯಿಂದ ಕಿತ್ತುಕೊಂಡು, ಅದರೊಳಗೆ ಬೆರಳದ್ದಿ ತನ್ನ ನಾಲಿಗೆಗೆ ಇಟ್ಟುಕೊಂಡಳು.