ಜೋಡಿಯೆಳೆಯ ಲೆಕ್ಕ

ಮುತ್ತಮ್ಮಾಳ್ ಕೈಯಲ್ಲಿ ದಿನಗಳಿರಲಿಲ್ಲ. ಇದ್ದದ್ದು ಹತ್ತು, ಎರಡು ಆಗಲೇ ಹೋಗಿದ್ದವು.

1936ರ ಮಾಸಿ ತಿಂಗಳು. ನೇಕಾರರ ಊರು ನೆಗಮಂನ ಬೀದಿಯಲ್ಲಿ ಮಗ್ಗದ ಹಾಸುನೂಲು ಬಿಗಿದು ಕಟ್ಟಿದ್ದ ಬಿದಿರ ಗಳ ಚಿಮ್ಮಿ ಅವಳ ಗಂಡ ಅಂಗಪ್ಪನ್‌ನ ಎಡಗೆನ್ನೆಗೆ ಬಡಿಯಿತು. ಮೂಳೆ ಒಳಕ್ಕೆ ಕುಸಿಯಿತು. ಎರಡೆಳೆಯ ಜೋಡಿಯನ್ನು ಒಂದೆಂದು ಸರಸರ ಎಣಿಸಿ ಹಾಸು ಹೂಡುತ್ತಿದ್ದವನಿಗೆ ಈಗ ಒಂದು ಎರಡಾಗಿ ಕಾಣುತ್ತಿತ್ತು.

ಕೊಯಮತ್ತೂರಿನ ಡಾಕ್ಟರು ಮುತ್ತಮ್ಮಾಳಿಗೆ ಹೇಳಿದರು: "ದಿನಾ ಬೆರಳು ತೋರಿಸಿ ಕೇಳು. ಎರಡೂ ಕಣ್ಣು ತೆರೆದಿರಲಿ. ಊತ ಇಳಿದು ನೋಟ ಸರಿಹೋದರೆ ಆಯಿತು. ಇಲ್ಲವೋ, ಹತ್ತು ದಿನದೊಳಗೆ ಬಾ. ಕಿವಿಯ ಮೇಲೆ ಕೊಯ್ದು, ಸಲಾಕೆ ತೂರಿಸಿ ಮೂಳೆ ಎತ್ತುತ್ತೇನೆ. ತಡವಾದರೆ ಅದು ಇದ್ದ ಹಾಗೇ ಕೂಡಿಕೊಳ್ಳುತ್ತದೆ."

ಅಂಗಪ್ಪನ್ ಕೇಳಿದ್ದು ಒಂದೇ: "ಮಯಕ್ಕ ಮದ್ದು ಕೊಡ್ತೀರಾ?"

ಪ್ರಜ್ಞೆ ತಪ್ಪಿಸುವ ಆ ಮದ್ದು ಮೂಸಿ ಮಲಗಿದ ಅವನ ಅಪ್ಪ ಮತ್ತೆ ಎದ್ದಿರಲಿಲ್ಲ.

ಮೂರನೆಯ ದಿನ ಮುತ್ತಮ್ಮಾಳ್ ಗಂಡನ ಮುಂದೆ ಒಂದು ಬೆರಳೆತ್ತಿದಳು.

"ಎಷ್ಟು ಮಾಮಾ?"

"ಎರಡು."

ಅವಳು ಅಳುತ್ತಲೇ ಬಟ್ಟೆ ಗಂಟು ಕಟ್ಟಿದಳು. ಕೊಯಮತ್ತೂರಿಗೆ ಹೋಗಲು ಗಾಡಿಗೆ ಹೇಳಿಬಂದಳು.

ಮರುದಿನ ಗಾಡಿ ಬಾಗಿಲಿಗೆ ಬಂತು. ಕೊನೆಯ ಆಸೆಗೆ ಎರಡು ಬೆರಳೆತ್ತಿದಳು. ಅಂಗಪ್ಪನ್ ಗಾಡಿಯನ್ನು ನೋಡಿದ, ಬೆರಳು ನೋಡಿದ.

"ಎರಡು."

ಮೂರೆತ್ತಿದಳು.

"ಮೂರು. ಎಳೆ ಎಣಿಸೋನಿಗೆ ಬೆರಳು ಎಣಿಸಾಕೆ ಬರಲ್ವಾ ಪುಳ್ಳೆ?" ಎಂದು ಹೆಂಡತಿಯನ್ನು ರೇಗಿಸಿದ.

ಪಕ್ಕದ ಮನೆ ವಳ್ಳಿಯಮ್ಮ ನಕ್ಕಳು. "ಗುಣ ಆಯ್ತು ಬಿಡು. ನಿನ್ನಂತೋರು ಇಬ್ಬರು ಕಂಡಿದ್ರೆ ಓಡೇ ಹೋಗ್ತಿದ್ದ."

ಗಾಡಿ ಖಾಲಿಯಾಗಿ ಹಿಂದಿರುಗಿತು.

ಆದರೂ ಮುತ್ತಮ್ಮಾಳಿಗೆ ಧೈರ್ಯ ಸಾಲಲಿಲ್ಲ. ಮಾರಿಯಮ್ಮನಿಗೆ ಹರಕೆ ಕಟ್ಟಿದಳು. ಏಳುವಾಗ, ಉಣ್ಣುವಾಗ, ನೀರು ಸೇದಿ ಬರುವಾಗ ಬೆರಳೆತ್ತಿದಳು. ಅವನು ಒಂದು ಕಣ್ಣೂ ಮುಚ್ಚದಂತೆ ಹತ್ತಿರ ನಿಂತು ಕಾವಲು ಕಾದಳು. ಅವನು ಒಮ್ಮೆಯೂ ತಪ್ಪಲಿಲ್ಲ. ಊತ ಇಳಿಯಿತು, ಕೆನ್ನೆಯಲ್ಲಿ ಗುಳಿ ಉಳಿಯಿತು. ಗುಳಿ ಇದ್ದರೆ ಇರಲಿ, ಕಣ್ಣು ಉಳಿಯಿತಲ್ಲ ಅಂದುಕೊಂಡಳು. ಹತ್ತನೆಯ ದಿನ ದಾಟಿತು.

ಹನ್ನೆರಡನೆಯ ದಿನ ಅಂಗಪ್ಪನ್ ಮಗ್ಗಕ್ಕೆ ಕೂತ. ಒಂದೆಳೆ ಕಡಿಯಿತು. ಒಂದು ತುದಿ ಹಿಡಿದು, ಇನ್ನೊಂದು ತುದಿಗೆ ಕೈ ಚಾಚಿ ಗಂಟು ಹಾಕಿದ. ಬೆರಳ ನಡುವೆ ಬರೀ ಗಾಳಿ. ಮತ್ತೆ ಚಾಚಿದ. ಮತ್ತೆ ಗಾಳಿ. ನಿಜವಾದ ಎಳೆ ಎರಡಂಗುಲ ಆಚೆ ನೇತಾಡುತ್ತಿತ್ತು.

ಮುತ್ತಮ್ಮಾಳ್ ಮಗ್ಗದ ಹತ್ತಿರ ಬಂದು ಒಂದು ಬೆರಳೆತ್ತಿದಳು. "ಎಷ್ಟು ಮಾಮಾ?"

"ಒಂದು," ಎಂದ. ಆಮೇಲೆ ತಲೆ ತಗ್ಗಿಸಿದ. "ಕಾಣೋದು ಎರಡೇ. ಮೊದಲಿಂದ್ಲೂ ಅಷ್ಟೇ. ಜೋಡೀನ ಒಂದು ಅಂತ ಎಣಿಸೋದು ನಮ್ಮ ನೇಯ್ಗೆ ತೊಳಿಲು ತಾನೆ ಪುಳ್ಳೆ?"

ಮೂಳೆ ಇದ್ದ ಹಾಗೇ ಕೂಡಿಕೊಂಡಿತ್ತು. ಹೋದದ್ದು ಹತ್ತು ದಿನ, ಇನ್ನು ಮುಚ್ಚಿಕೊಂಡೇ ನೇಯಬೇಕಾದ ಒಂದು ಕಣ್ಣು.