ಹಿಮ್ಮಡಿಯ ಹುಣಿಸೆಬೀಜ

ಕಂಪಲಾಪುರದ ಕೆಂಪಯ್ಯನವರು ತೀರಿಕೊಂಡ ಸುದ್ದಿ ಬಂದಾಗ, ಪಿರಿಯಾಪಟ್ಟಣದ ತಮ್ಮ ಚಪ್ಪಲಿ ಅಂಗಡಿಯಲ್ಲಿ ಮುಜಫರ್ ಸಾಹೇಬರು ಕೆಂಪಯ್ಯನವರಂತೆಯೇ ಕುಂಟಿಕೊಂಡು ನಡೆಯುತ್ತಿದ್ದರು.

ಟಿಲ್ಲರ್ ಉರುಳಿ ಕೆಂಪಯ್ಯನವರ ಬಲ ಹಿಮ್ಮಡಿ ಬಿರಿದಿತ್ತು. ಮೂಳೆ ಕೂಡಿದರೂ ನೋವು ಬಿಟ್ಟಿರಲಿಲ್ಲ. ಅವರಿಗೆಂದು ಹೊಲಿದ ಚಪ್ಪಲಿಯೊಳಗೆ ಎಂಥ ಮೆತ್ತೆ ಕೂರಿಸಿದರೆ ಆ ಕಾಲಿಗೆ ಆಸರೆಯಾದೀತು? ಇಬ್ಬರದೂ ಎಂಟನೇ ನಂಬರಿನ ಪಾದ. ಆ ನೋವು ತಿಳಿಯಲೆಂದು ಸಾಹೇಬರು ತಮ್ಮ ಬಲ ಹಿಮ್ಮಡಿಗೆ ಮೂರು ಹುಣಿಸೆಬೀಜ ಇಟ್ಟು ಬಟ್ಟೆ ಕಟ್ಟಿಕೊಂಡು, ವಾರದಿಂದ ಒಂದೊಂದೇ ಮೆತ್ತೆ ಕತ್ತರಿಸಿ ತುಳಿದು ನೋಡುತ್ತಿದ್ದರು. ಹಿಮ್ಮಡಿಯ ಕೆಳಗೆ ಎಷ್ಟು ಮೆತ್ತಗೆ ಮಾಡಿದರೂ ಬೀಜ ಒತ್ತುತ್ತಲೇ ಇತ್ತು.

"ಏನ್ ಸಾಬ್ರೇ, ನಿಮ್ಗೂ ಕಾಲು ಓಯ್ತಾ?" ಬಾಗಿಲಲ್ಲಿ ನಿಂತ ಚೆಲುವರಾಜು ಕೇಳಿದ. ಕೆಂಪಯ್ಯನವರ ತಮ್ಮನ ಮಗ. ಕೇಳಿದವನಿಗೆ ನಗು ಬರಲಿಲ್ಲ. "ದೊಡ್ಡಪ್ಪ ಬೆಳಿಗ್ಗೆ ಓಗ್ಬುಟ್ರು ಕಣ್ರೀ. ಎದೆ ಇಡ್ಕಂಡ್ರು, ಅಷ್ಟೇಯ."

ಸಾಹೇಬರು ಕೂತು, ಕಾಲಿನ ಬಟ್ಟೆ ಬಿಚ್ಚಲು ಬಾಗಿದರು.

"ಬಿಚ್ಬ್ಯಾಡಿ. ಮೆತ್ತೆ ಮುಗಿಸ್ಕೊಡ್ಬೇಕಂತೆ, ದೊಡ್ಡವ್ವ ಏಳವ್ರೆ. ಅನ್ನೊಂದ್ನೇ ದಿನ ತಿಥಿ ಮಾಡ್ಸೋ ದಾಸಯ್ಯಂಗೆ ಚಪ್ಪಲಿ ದಾನ ಕೊಡ್ತೀವಲ್ಲ, ಅದ ಮೆಟ್ಕಂಡೇ ದೊಡ್ಡಪ್ಪ ಆ ದಾರಿ ನಡೀಬೇಕು. ಅಲ್ಲೂ ಕುಂಟಬಾರ್ದಂತೆ."

ಇಲ್ಲದ ಕಾಲಿಗೂ ಆಸರೆ ಬೇಕೇ ಎಂದು ಸಾಹೇಬರಿಗೆ ಸೋಜಿಗವಾಯಿತು. ಆದರೂ ಕೈ ಸುಮ್ಮನಿರಲಿಲ್ಲ. ಐದನೇ ದಿನ, ಹಿಮ್ಮಡಿಯನ್ನು ಬಿಟ್ಟು ಅಂಗಾಲಿನ ಹಳ್ಳದಲ್ಲಿ ಒಂದಿಷ್ಟು ಏರಿಸಿ ನೋಡಿದರು. ಬೀಜ ಒತ್ತಲಿಲ್ಲ. ನೋವು ಒಂದು ಕಡೆ, ಅದಕ್ಕೆ ಆಸರೆ ಇನ್ನೊಂದು ಕಡೆ.

ಹನ್ನೊಂದನೇ ದಿನ ಮಧ್ಯಾಹ್ನ ಕೆಂಪಯ್ಯನವರ ಹೆಂಡತಿ ದೊಡ್ಡತಾಯಮ್ಮ ತಾವೇ ಬಂದು, ಚೀಲದಿಂದ ಆ ಚಪ್ಪಲಿ ತೆಗೆದಿಟ್ಟರು.

"ದಾಸಯ್ಯ ನಾಕೆಜ್ಜೆ ಇಟ್ಟ. ಅಂಗಾಲು ಒತ್ತದೆ, ಮೆತ್ತೆ ಕಿತ್ತಾಕಿ ಕೊಡವ್ವ ಅಂದ."

"ಸರಿಯಿರೋ ಕಾಲಿಗೆ ಒತ್ತೇ ಒತ್ತುತ್ತೆ. ಕಿತ್ತು ಕೊಡ್ಲಾ?"

"ಕಿತ್ರೆ ಅವ್ರು ಎಂಗೆ ನಡೀತಾರೆ?" ಆಕೆ ಚಪ್ಪಲಿಯನ್ನು ಸಾಹೇಬರ ಕಡೆ ಸರಿಸಿದರು. "ಅವ್ರ ನೋವು ಕಟ್ಕಂಡು ನಡೆದೋರು ನೀವು. ನೀವೇ ಮೆಟ್ಕಳಿ."

"ನಾನು ನಮಾಜು ಮಾಡೋನವ್ವ. ನಿಮ್ಮ ದಾನ ನನಗೆ ಸಲ್ಲುತ್ತಾ?"

"ಕಾಲಿಗೆ ಸಂದ್ರೆ ಸಾಕು ಬುಡಿ."

ಸಾಹೇಬರು ಮೂರು ಬೀಜ ಹಿಮ್ಮಡಿಗೆ ಕಟ್ಟಿಕೊಂಡು, ಚಪ್ಪಲಿ ಮೆಟ್ಟಿ, ಬೀದಿಯ ತುದಿಯವರೆಗೆ ಹೋಗಿ ಬಂದರು. ದೊಡ್ಡತಾಯಮ್ಮ ಆ ಬಲಗಾಲನ್ನೇ ನೋಡುತ್ತಾ ನಿಂತಿದ್ದರು. ಅದು ಎಲ್ಲೂ ತಡವರಿಸಲಿಲ್ಲ.

"ನೋಯ್ತದಾ ಸಾಬ್ರೇ?"

"ಇಲ್ಲವ್ವ."

ಆಕೆ ಸೆರಗು ತಲೆಗೆಳೆದುಕೊಂಡು ಕೈಮುಗಿದರು. ಸಾಹೇಬರು ಅಂಗೈ ಬಿಚ್ಚಿ ಕಣ್ಣು ಮುಚ್ಚಿದರು. ಒಡೆಯನೇ, ನಡೆಯುತ್ತಿರುವವನ ದಾರಿ ಇನ್ನು ನಿನ್ನದು. ಈ ಮೂರು ಬೀಜದಷ್ಟೂ ನೋಯದಿರಲಿ.