ಮುಳ್ಳುಹಂದಿಯ ಹೊಸ ಆಲ್ಬಂ

ಹಾಡಿನಲ್ಲಿ ಬೈದದ್ದನ್ನೆಲ್ಲ ಸರ್ಕಾರ ಆಗಿಂದಾಗಲೇ ಸರಿಪಡಿಸಬೇಕೆಂಬ ಕಾನೂನು ಬಂದು ಮೂರು ವರ್ಷವಾಗಿತ್ತು. ಹುಬ್ಬಳ್ಳಿಯ ‘ಮುಳ್ಳುಹಂದಿ’ ಪಂಕ್ ಬ್ಯಾಂಡಿನ ಹೊಸ ಆಲ್ಬಂ ಅಂದಿನಿಂದ ಮುಗಿದೇ ಇರಲಿಲ್ಲ. ಗಾಯಕಿ ನೀಲಗಂಗಾ ರಸ್ತೆಗುಂಡಿಯ ಬಗ್ಗೆ ಗಂಟಲು ಹರಿಯುವಂತೆ ಕಿರುಚಿದರೆ, ಎರಡನೇ ಚರಣಕ್ಕೆ ಬರುವಷ್ಟರಲ್ಲಿ ಹೊರಗೆ ಬಿಸಿ ಡಾಂಬರಿನ ವಾಸನೆ. ಸುಳ್ಳು ಹಾಡುವುದಿಲ್ಲವೆಂದು ಬ್ಯಾಂಡಿನವರೆಲ್ಲ ಆಣೆ ಮಾಡಿದ್ದರು. ಗುಂಡಿ ಮುಚ್ಚಿದ ಮೇಲೆ ಹಾಡು ಸುಳ್ಳು, ಅಲ್ಲಿಗೆ ಸತ್ತಂತೆ.

ಇವತ್ತೂ ಸರ್ಕಾರದ ಗುಮಾಸ್ತ ಪರಪ್ಪ ಸ್ಟುಡಿಯೋದ ಮೂಲೆಯಲ್ಲಿ ಪೆನ್ನು ಹಿಡಿದು ಕೂತಿದ್ದ.

“ಅಕ್ಕಾರ, ನಳಕ್ಕ ನೀರು ಬಿಟ್ಟೇವ್ರಿ. ಮುಂದಿನ ಹಾಡು ಯಾವುದ್ರಿ?” ಎಂದ ವಿನಯದಿಂದ.

ಡ್ರಮ್ಮರ್ ಇಮ್ತಿಯಾಜ ಕೋಲು ಎಸೆದ. “ಇವ್ರು ಇಷ್ಟು ಒಳ್ಳೇವ್ರಾದ್ರ ನಾವೇನು ಮಣ್ಣು ತಿನ್ನೂದೇನು?”

ನೀಲಗಂಗಾಗೆ ತಲೆ ಕೆಟ್ಟಿತು. ಮೈಕ್ ಹಿಡಿದು ಒದರಿದಳು: “ಸಿಟ್ಟಾಗಾಕೂ ಬಿಡದ ಸರ್ಕಾರಕ್ಕ ಧಿಕ್ಕಾರ!”

ಪರಪ್ಪ ಬರೆದುಕೊಂಡ. ಸಾಹೇಬರಿಗೆ ಫೋನ್ ಮಾಡಿದ. ಹತ್ತು ನಿಮಿಷ ಕಳೆದಿರಲಿಲ್ಲ, ನಳ ಒಣಗಿತು, ಹೊರಗೆ ಹೊಸ ರಸ್ತೆ ಅಗೆಯುವ ಸದ್ದು ಕೇಳಿತು, ದೀಪ ಆರಿತು.

“ಸರಿ ಮಾಡೇವ್ರಿ,” ಎಂದ ಪರಪ್ಪ.

ನೀಲಗಂಗಾ ಖುಷಿಯಿಂದ ಗಿಟಾರ್ ಮೀಟಿದಳು. ಕರೆಂಟಿಲ್ಲದ ಗಿಟಾರ್ ಕುಂಯ್ ಅನ್ನಲಿಲ್ಲ.

“ಏ ಪರಪ್ಪಾ, ಕರೆಂಟ್ ಹಾಕಸು!”

ಪರಪ್ಪ ಆಕಳಿಸಿದ. “ಅರ್ಜಿ ಕೊಡ್ರಿ. ಮುಂದಿನ ವಾರ ನೋಡೂಣು.”

ಮೂರು ವರ್ಷದಲ್ಲಿ ಮೊದಲ ಸಲ ಅವಳಿಗೆ ನಿಜವಾದ ಸಿಟ್ಟು ಬಂತು. ನೀರಿಲ್ಲದ ಕೊಡವನ್ನು ಬೋರಲು ಹಾಕಿ ಇಮ್ತಿಯಾಜನ ಮುಂದಿಟ್ಟಳು.

“ಬಡಿ,” ಎಂದಳು.